ಇಪ್ಪತ್ತೊಂದರ ಬಾಗಿಲು

ನಮ್ಮ ಮನೆಗಳಲ್ಲಿ ಹುಡುಗನಿಗೆ ಇಪ್ಪತ್ತೊಂದು ತುಂಬಿತೆಂದರೆ ಹಿರಿಯರು ಅವನನ್ನು ನೋಡುವ ರೀತಿಯೇ ಬದಲಾಗುತ್ತದೆ. ಅಲ್ಲಿಯವರೆಗೆ "ಹಾಲು ಕುಡಿದೆಯೇನೋ?" ಎಂದು ಕೇಳುತ್ತಿದ್ದ ತಾಯಿ "ಅರ್ಜಿ ಹಾಕಿದೆಯೇನೋ?" ಎಂದು ಕೇಳತೊಡಗುತ್ತಾಳೆ. ತಂದೆ ಬಾಯಿಬಿಟ್ಟು ಏನನ್ನೂ ಕೇಳುವುದಿಲ್ಲ. ಪತ್ರಿಕೆಯ 'ಬೇಕಾಗಿದ್ದಾರೆ' ಪುಟವನ್ನು ಮಡಿಸಿ ಮಗನ ತಟ್ಟೆಯ ಪಕ್ಕದಲ್ಲಿಟ್ಟು ಸುಮ್ಮನಾಗುತ್ತಾನೆ. ಲೋಕರೂಢಿಯಲ್ಲಿ ಅದು ಬಾಗಿಲು ತೆರೆಯುವ ವಯಸ್ಸು. ಹಾಕಿ ಆಟದ ಲೋಕದಲ್ಲಿ ಮಾತ್ರ ಅದೇ ವಯಸ್ಸಿಗೆ ಒಂದು ಬಾಗಿಲು ಮುಚ್ಚಿಕೊಳ್ಳುತ್ತದೆ.

ಆ ಬಾಗಿಲಿಗೆ ಕಿರಿಯರ ವಿಶ್ವಕಪ್ ಎಂದು ಹೆಸರು. 1979ರಲ್ಲಿ ಫ್ರಾನ್ಸಿನ ವರ್ಸೈಲ್ಸ್‌ನಲ್ಲಿ ಅದು ಮೊದಲು ನಡೆಯಿತು; ಪಾಕಿಸ್ತಾನದ ಹುಡುಗರು ಪಶ್ಚಿಮ ಜರ್ಮನಿಯವರನ್ನು ಸೋಲಿಸಿ ಕಪ್ಪನ್ನು ಕೊಂಡೊಯ್ದರು. 2025ರ ಕೊನೆಯ ಹೊತ್ತಿಗೆ ಈ ಪಂದ್ಯಾವಳಿ ಹದಿನಾಲ್ಕು ಬಾರಿ ನಡೆದಿದ್ದು, ಪಶ್ಚಿಮ ಜರ್ಮನಿಯೆಂದು ಕರೆಸಿಕೊಳ್ಳುತ್ತಿದ್ದ ಕಾಲವನ್ನೂ ಸೇರಿಸಿದರೆ ಜರ್ಮನಿಯೊಂದೇ ಎಂಟು ಬಾರಿ ಗೆದ್ದಿದೆ. ಭಾರತ ಎರಡು ಬಾರಿ, ಅರ್ಜೆಂಟೀನಾ ಎರಡು ಬಾರಿ, ಆಸ್ಟ್ರೇಲಿಯಾ ಮತ್ತು ಪಾಕಿಸ್ತಾನ ಒಂದೊಂದು ಬಾರಿ.

ಇದರ ವಯಸ್ಸಿನ ನಿಯಮ ಸ್ವಾರಸ್ಯವಾದದ್ದು. ಪಂದ್ಯಾವಳಿ ನಡೆಯುವ ವರ್ಷ ಹುಟ್ಟುವ ಮೊದಲೇ ಆಟಗಾರನಿಗೆ ಇಪ್ಪತ್ತೊಂದು ತುಂಬಿರಬಾರದು. ಉದಾಹರಣೆಗೆ, 2016ರ ಪಂದ್ಯಾವಳಿಗೆ 1995ರ ಜನವರಿ 1ರಂದು ಹುಟ್ಟಿದವನು ಅರ್ಹ; ಅದರ ಹಿಂದಿನ ದಿನ, 1994ರ ಡಿಸೆಂಬರ್ 31ರಂದು ಹುಟ್ಟಿದವನು ಅನರ್ಹ. ಒಂದು ರಾತ್ರಿಯ ಅಂತರ, ಅಷ್ಟೆ! ಜಾತಕವನ್ನು ನಂಬದವರೂ ಇಲ್ಲಿ ಜನ್ಮಘಳಿಗೆಯನ್ನು ನಂಬಲೇಬೇಕು. ಅದೂ 1985ರಿಂದ 2013ರವರೆಗೆ ಈ ಪಂದ್ಯಾವಳಿ ನಾಲ್ಕು ವರ್ಷಕ್ಕೊಮ್ಮೆ ಮಾತ್ರ ನಡೆಯುತ್ತಿತ್ತು. ಒಂದು ಸಲ ತೀರ ಚಿಕ್ಕವನೆಂದು ಹಿಂದುಳಿದ ಹುಡುಗ ಮುಂದಿನ ಸಲಕ್ಕೆ ತೀರ ದೊಡ್ಡವನಾಗಿರುವ ಸಂಭವವಿತ್ತು. 2021ರಿಂದೀಚೆಗೆ ಎರಡು ವರ್ಷಕ್ಕೊಮ್ಮೆ ನಡೆಯುತ್ತಿರುವುದರಿಂದ ಗ್ರಹಗತಿ ಸ್ವಲ್ಪ ಮೆತ್ತಗಾಗಿದೆ.

ಈ ಲೆಕ್ಕವೆಲ್ಲ ನನಗೆ ತಾನಾಗಿ ತಿಳಿದದ್ದಲ್ಲ. ಮೈಸೂರಿನಲ್ಲಿರುವ ನನ್ನ ಅಕ್ಕನ ಮಗನಿಂದ ತಿಳಿದದ್ದು. ಅವನು ಹುಟ್ಟಿದ್ದು 1996ರಲ್ಲಿ. ಹತ್ತು ವರ್ಷದವನಾಗಿದ್ದಾಗ ಹಾಕಿ ಕೋಲನ್ನು ಹಿಡಿದ. ಮತ್ತೆ ಅದನ್ನು ಬಿಡಿಸಲು ಯಾರಿಂದಲೂ ಆಗಲಿಲ್ಲ. ಶಾಲೆಗೆ ಆಡಿದ, ಕಾಲೇಜಿಗೆ ಆಡಿದ. 2016ರ ನವೆಂಬರಿನಲ್ಲಿ ಕಿರಿಯರ ತಂಡವೊಂದರ ಆಯ್ಕೆಗಾಗಿ ನಡೆದ ಶಿಬಿರಕ್ಕೂ ಹೋದ. ಕೊನೆಯ ಪಟ್ಟಿಯನ್ನು ಓದಿದಾಗ ಅದರಲ್ಲಿ ಅವನ ಹೆಸರಿರಲಿಲ್ಲ. ಮನೆಗೆ ಬಂದವನು ಕೋಲನ್ನು ಹಳೆಯ ಪಂಚೆಯಲ್ಲಿ ಸುತ್ತಿ, ಸ್ಟೂಲು ಹತ್ತಿ, ಅಟ್ಟದ ಮೇಲೆ ಹಿತ್ತಾಳೆ ಕೊಳಗಗಳ ಹಿಂದೆ ಇಟ್ಟುಬಿಟ್ಟ.

ಕೆಲವು ದಿನಗಳ ನಂತರ ಅಕ್ಕ ಫೋನು ಮಾಡಿದಳು. "ಒಂದು ಸಲ ಬಂದು ಹೋಗೋ. ಹುಡುಗ ಸರಿಯಾಗಿ ಊಟ ಮಾಡುವುದಿಲ್ಲ. ನಿಮ್ಮ ಭಾವ ಮಾತನಾಡುವುದಿಲ್ಲ. ಇಬ್ಬರ ನಡುವೆ ನಾನೊಬ್ಬಳು ಬಡಿಸುವವಳಾಗಿ ಕುಳಿತಿದ್ದೇನೆ."

ಡಿಸೆಂಬರ್ 17ರ ಶನಿವಾರ ಸಂಜೆ ನಾನು ಹೋದೆ. ಐನೂರು, ಸಾವಿರದ ನೋಟುಗಳು ರದ್ದಾಗಿ ತಿಂಗಳ ಮೇಲಾಗಿದ್ದ ಕಾಲ. ಭಾವನವರು ಬ್ಯಾಂಕಿನ ಮುಂದೆ ಸರದಿಯಲ್ಲಿ ನಿಂತು ಬಂದು, ದಣಿದು, ಒರಗು ಕುರ್ಚಿಯಲ್ಲಿ ಕುಳಿತಿದ್ದರು. ಕಾಫಿ ಮುಗಿಯುವವರೆಗೆ ಅದೂ ಇದೂ ಮಾತನಾಡಿ, ಮಗ ಹೊರಗೆ ಹೋದುದನ್ನು ನೋಡಿಕೊಂಡು ವಿಷಯಕ್ಕೆ ಬಂದರು.

"ನೀನೇ ಹೇಳಯ್ಯಾ. ತಂಡಕ್ಕೆ ಬೇಕಾದವರು ಹದಿನೆಂಟು ಜನ. ದೇಶದಲ್ಲಿ ಇರುವವರು ನೂರು ಕೋಟಿಗೂ ಮಿಗಿಲು. ಲೆಕ್ಕ ಬರುವ ಯಾರಾದರೂ ಮಗನನ್ನು ಈ ದಾರಿಯಲ್ಲಿ ಬಿಡುತ್ತಾರೆಯೇ? ಇನ್ನು ಮೂರು ತಿಂಗಳಿಗೆ ಪರೀಕ್ಷೆ. ಆಟ ಊಟ ಹಾಕುತ್ತದೆಯೇ?"

ಭಾವನವರು ಕಠಿಣ ಹೃದಯದವರೆಂದು ಓದುಗರು ತಿಳಿಯಬಾರದು. ಆರು ವರ್ಷ, ಚಳಿಯೆನ್ನದೆ ಮಳೆಯೆನ್ನದೆ, ಬೆಳಗಿನ ಐದೂವರೆಗೆ ಹುಡುಗನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮೈದಾನಕ್ಕೆ ಬಿಟ್ಟು ಬಂದವರು ಅವರೇ. ಕೋಲನ್ನು ಕೊಡಿಸಿದವರೂ ಅವರೇ. ಮಗನ ಹೆಸರು ಪಟ್ಟಿಯಲ್ಲಿಲ್ಲವೆಂದು ತಿಳಿದಾಗ ಅವನಿಗಿಂತ ಹೆಚ್ಚು ನೊಂದವರು ಅವರು. ನೋವನ್ನು ನೋವೆಂದು ಹೇಳಿಕೊಳ್ಳಲು ಬಾರದ ಗಂಡಸರು ಅದನ್ನು ಲೆಕ್ಕದ ರೂಪದಲ್ಲಿ ಹೇಳುತ್ತಾರೆ.

ಮರುದಿನ ಭಾನುವಾರ. ಲಖನೌ ನಗರದ ಮೇಜರ್ ಧ್ಯಾನ್ ಚಂದ್ ಕ್ರೀಡಾಂಗಣದಲ್ಲಿ ಕಿರಿಯರ ವಿಶ್ವಕಪ್ಪಿನ ಅಂತಿಮ ಪಂದ್ಯ, ಭಾರತಕ್ಕೂ ಬೆಲ್ಜಿಯಮ್ಮಿಗೂ. "ಟಿ.ವಿ. ಹಾಕಲೇ?" ಎಂದು ನಾನು ಕೇಳಿದೆ. ಹುಡುಗ ಉತ್ತರ ಕೊಡಲಿಲ್ಲ. ಭಾವನವರು ಪತ್ರಿಕೆಯಿಂದ ತಲೆಯೆತ್ತಲಿಲ್ಲ. ಎರಡು ಮೌನಗಳನ್ನೂ ಸಮ್ಮತಿಯೆಂದು ಭಾವಿಸಿ ನಾನೇ ಹಾಕಿದೆ.

ಹುಡುಗ ಕುಳಿತುಕೊಳ್ಳಲಿಲ್ಲ. ಅಡಿಗೆಮನೆಯ ಬಾಗಿಲ ಚೌಕಟ್ಟಿಗೆ ಒರಗಿ, ಈಗ ಹೋಗಿಬಿಡುವವನಂತೆ ನಿಂತುಕೊಂಡ. ಎಂಟನೆಯ ನಿಮಿಷದಲ್ಲಿ ಗುರ್ಜಂತ್ ಸಿಂಗ್ ಗೋಲು ಹೊಡೆದಾಗಲೂ ಅವನು ಅಲ್ಲಾಡಲಿಲ್ಲ. "ಯಾರಯ್ಯಾ ಈ ಹುಡುಗ?" ಎಂದು ಭಾವನವರು ಯಾರನ್ನೂ ಉದ್ದೇಶಿಸದೆ ಗಾಳಿಯಲ್ಲಿ ಕೇಳಿದರು. ಉತ್ತರ ಬಾಗಿಲಿನಿಂದ ಬಂತು.

"ಗುರ್ಜಂತ್. ಮೊನ್ನೆ ಸೆಮಿಫೈನಲ್ಲಿನಲ್ಲಿ ಆಸ್ಟ್ರೇಲಿಯಾದ ಮೇಲೆ ಮೊದಲ ಗೋಲೂ ಅವನದೇ, ಅಪ್ಪ."

ತಂದೆ ಮಕ್ಕಳ ನಡುವೆ ಆ ವಾರದಲ್ಲಿ ಹುಟ್ಟಿದ ಮೊದಲ ಮಾತು ಅದು. ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಅಕ್ಕನ ಕೈ ನಿಂತದ್ದು ನನಗೆ ಕೇಳಿಸಿತು.

ಅನಂತರ ಹುಡುಗನೇ ಹೇಳತೊಡಗಿದ. ಗುಂಪಿನ ಹಂತದಲ್ಲಿ ಕೆನಡಾ, ಇಂಗ್ಲೆಂಡ್, ದಕ್ಷಿಣ ಆಫ್ರಿಕಾ ಮೂವರನ್ನೂ ಸೋಲಿಸಿದ್ದು. ಕ್ವಾರ್ಟರ್ ಫೈನಲ್ಲಿನಲ್ಲಿ ಸ್ಪೇನನ್ನು ಎರಡು–ಒಂದರಿಂದ ಗೆದ್ದದ್ದು. ಸೆಮಿಫೈನಲ್ಲು ಎರಡು–ಎರಡರಲ್ಲಿ ಸಮವಾಗಿ ಶೂಟೌಟಿಗೆ ಹೋದದ್ದು. ಶೂಟೌಟು ಎಂದರೇನೆಂದು ತಂದೆಗೆ ಬಿಡಿಸಿ ಹೇಳಿದ: ಇಪ್ಪತ್ತಮೂರು ಮೀಟರು ದೂರದ ಗೆರೆಯಿಂದ ಒಬ್ಬನೇ ಆಟಗಾರ ಚೆಂಡಿನೊಡನೆ ಹೊರಡುತ್ತಾನೆ, ಎದುರಿಗೆ ಗೋಲ್‌ಕೀಪರ್ ಒಬ್ಬನೇ, ಸಮಯ ಎಂಟು ಸೆಕೆಂಡು. "ಎಂಟು ಸೆಕೆಂಡಿನಲ್ಲಿ ಅವನಾದರೂ ಅಳಬೇಕು, ಇವನಾದರೂ ಅಳಬೇಕು, ಅಪ್ಪ. ಮೊನ್ನೆ ನಮ್ಮ ವಿಕಾಸ್ ದಹಿಯಾ ತಡೆದದ್ದರಿಂದ ನಾವು ನಾಲ್ಕು–ಎರಡರಿಂದ ಗೆದ್ದೆವು. ಅವನು ತಡೆಯದಿದ್ದರೆ ಇವತ್ತು ಈ ಪಂದ್ಯವೇ ನಮಗಿಲ್ಲ."

ಇಪ್ಪತ್ತೆರಡನೆಯ ನಿಮಿಷದಲ್ಲಿ ಸಿಮ್ರನ್‌ಜೀತ್ ಸಿಂಗ್ ಎರಡನೆಯ ಗೋಲನ್ನು ಹೊಡೆದ. ಈತನೂ ಗುರ್ಜಂತನೂ ಸೋದರ ಸಂಬಂಧಿಗಳೆಂದು ಹುಡುಗ ಹೇಳಿದಾಗ "ಹಾಗಾದರೆ ಇದು ಮನೆಯ ಕಾರ್ಯವೇ ಸರಿ" ಎಂದರು ಭಾವನವರು. ಆ ವೇಳೆಗೆ ಪತ್ರಿಕೆ ನೆಲಕ್ಕೆ ಜಾರಿತ್ತು. ಹುಡುಗ ಚೌಕಟ್ಟನ್ನು ಬಿಟ್ಟು ಚಾಪೆಯ ಮೇಲೆ ಕುಳಿತಿದ್ದ. ಕೊನೆಯ, ಎಪ್ಪತ್ತನೆಯ ನಿಮಿಷದಲ್ಲಿ ಬೆಲ್ಜಿಯಂ ಒಂದು ಗೋಲನ್ನು ಹಿಂದಿರುಗಿಸಿದಾಗ ನಾವು ನಾಲ್ವರೂ ಉಸಿರು ಬಿಗಿಹಿಡಿದೆವು. ಆದರೆ ಅವರಿಗೆ ಹೊತ್ತು ಉಳಿದಿರಲಿಲ್ಲ. ಭಾರತ ಎರಡು, ಬೆಲ್ಜಿಯಂ ಒಂದು. ತನ್ನ ನೆಲದಲ್ಲಿಯೇ ಈ ಕಪ್ಪನ್ನು ಗೆದ್ದ ದೇಶ ಅಲ್ಲಿಯವರೆಗೆ ಒಂದೂ ಇರಲಿಲ್ಲ, ಭಾರತವೇ ಮೊದಲನೆಯದು.

ನಾಯಕ ಹರ್ಜೀತ್ ಸಿಂಗ್ ಕಪ್ಪನ್ನು ಎತ್ತಿಹಿಡಿದ. ಪಂಜಾಬಿನ ಲಾರಿ ಚಾಲಕರೊಬ್ಬರ ಮಗ ಆತ. ತರಬೇತುದಾರ ಹರೇಂದ್ರ ಸಿಂಗರ ಕಥೆ ಇನ್ನೊಂದು. 2005ರಲ್ಲಿ ರಾಟರ್‌ಡ್ಯಾಮಿನಲ್ಲಿ ಅವರ ಕೈಕೆಳಗಿನ ಕಿರಿಯರ ತಂಡ ಮೂರನೆಯ ಸ್ಥಾನದ ಪಂದ್ಯದಲ್ಲಿ ಸ್ಪೇನಿಗೆ ಸೋತು ಬರಿಗೈಯಲ್ಲಿ ಮರಳಿತ್ತು. ಹನ್ನೊಂದು ವರ್ಷ ಆ ಸೋಲನ್ನು ಹೊತ್ತ ಮನುಷ್ಯ ಅಂದು ಅದನ್ನು ಕೆಳಗಿಳಿಸಿದರು.

ಊಟಕ್ಕೆ ಕುಳಿತಾಗ ನಾನು ಇನ್ನೊಂದು ವಿಷಯವನ್ನು ತೆಗೆದೆ. ಭಾರತ ಈ ಕಪ್ಪನ್ನು ಮೊದಲು ಗೆದ್ದದ್ದು 2001ರಲ್ಲಿ, ಆಸ್ಟ್ರೇಲಿಯಾದ ಹೋಬಾರ್ಟಿನಲ್ಲಿ, ಅರ್ಜೆಂಟೀನಾವನ್ನು ಆರು–ಒಂದರಿಂದ ಸೋಲಿಸಿ. ಗಗನ್ ಅಜಿತ್ ಸಿಂಗ್ ನಾಯಕನಾಗಿದ್ದ ಆ ತಂಡದಲ್ಲಿ ನಮ್ಮ ಕೊಡಗಿನ ಅರ್ಜುನ್ ಹಾಲಪ್ಪ ಇದ್ದರು. ಮುಂದೆ 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿಯೂ ಆಡಿದರು. ಅದಕ್ಕೂ ಹಿಂದೆ, 1997ರಲ್ಲಿ, ಇಂಗ್ಲೆಂಡಿನ ಮಿಲ್ಟನ್ ಕೀನ್ಸಿನಲ್ಲಿ ನಮ್ಮ ಹುಡುಗರು ಅಂತಿಮ ಪಂದ್ಯದವರೆಗೆ ಹೋಗಿ ಆಸ್ಟ್ರೇಲಿಯಾಕ್ಕೆ ಮೂರು–ಎರಡರಿಂದ ಸೋತಿದ್ದರು. ಅದೇ 1997ರಲ್ಲಿ ಕೊಡಗಿನ ಕರಡ ಎಂಬಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಹಬ್ಬವನ್ನು ಆರಂಭಿಸಿದರು. ಮನೆತನಕ್ಕೊಂದು ತಂಡ. ಅದರಲ್ಲಿ ಮೊಮ್ಮಗನೂ ಆಡಬಹುದು, ತಾತನೂ ಆಡಬಹುದು, ಸೊಸೆಯೂ ಆಡಬಹುದು.

"ಅಲ್ಲಿ ಇಪ್ಪತ್ತೊಂದರ ಬಾಗಿಲಿಲ್ಲ, ನೋಡು" ಎಂದೆ ಹುಡುಗನಿಗೆ.

ಅವನು ನಗಲಿಲ್ಲ. ಆದರೆ ಎರಡನೆಯ ಸಲ ಅನ್ನ ಹಾಕಿಸಿಕೊಂಡ. ರಾತ್ರಿ ಎಲ್ಲರೂ ಮಲಗಿದ ಮೇಲೆ ನಡುಮನೆಯಲ್ಲಿ ಸದ್ದಾಯಿತೆಂದು ಎದ್ದು ನೋಡಿದೆ. ಭಾವನವರು ಸ್ಟೂಲಿನ ಮೇಲೆ ನಿಂತು, ಕೊಳಗಗಳು ಸದ್ದಾಗದಂತೆ ಒಂದೊಂದಾಗಿ ಸರಿಸಿ, ಪಂಚೆಯಲ್ಲಿ ಸುತ್ತಿದ ಕೋಲನ್ನು ಅಟ್ಟದಿಂದ ಇಳಿಸುತ್ತಿದ್ದರು. ನಾನು ನೋಡಿದ್ದನ್ನು ಅವರು ನೋಡಲಿಲ್ಲ. ನಾನೂ ಮತ್ತೆ ಹೋಗಿ ಮಲಗಿಕೊಂಡೆ.

ಹುಡುಗ ಅಂದಿನಿಂದ ಮಹಾ ಆಟಗಾರನಾಗಿ ದೇಶವಿದೇಶಗಳಲ್ಲಿ ಮೆರೆದನೆಂದು ಬರೆದರೆ ಓದುಗರಿಗೆ ಸಂತೋಷವಾಗಬಹುದು. ಆದರೆ ಇದು ಧಾರಾವಾಹಿಯಲ್ಲ. ಅವನಿಗೆ ಇಪ್ಪತ್ತೊಂದು ತುಂಬಿತು, ಬಾಗಿಲು ಮುಚ್ಚಿತು. ಪರೀಕ್ಷೆಯಲ್ಲಿ ತೇರ್ಗಡೆಯಾದ, ಬ್ಯಾಂಕಿನ ಪರೀಕ್ಷೆ ಬರೆದ, ಕೆಲಸಕ್ಕೆ ಸೇರಿದ. ಭಾನುವಾರಗಳಲ್ಲಿ ಮಾತ್ರ ಗೆಳೆಯರೊಡನೆ ಆಡುತ್ತಿದ್ದ.

2021ರ ಆಗಸ್ಟ್ 5ರ ಬೆಳಿಗ್ಗೆ ಏಳು ಗಂಟೆಗೆ ನಾವು ಅದೇ ನಾಲ್ವರು ಅದೇ ನಡುಮನೆಯಲ್ಲಿ ಕುಳಿತಿದ್ದೆವು. ಟೋಕಿಯೊ ಒಲಿಂಪಿಕ್ಸಿನಲ್ಲಿ ಕಂಚಿನ ಪದಕಕ್ಕಾಗಿ ಭಾರತಕ್ಕೂ ಜರ್ಮನಿಗೂ ಪಂದ್ಯ. 1980ರ ಮಾಸ್ಕೋ ಚಿನ್ನದ ನಂತರ ನಲವತ್ತೊಂದು ವರ್ಷ ಹಾಕಿಯಲ್ಲಿ ನಮಗೆ ಒಲಿಂಪಿಕ್ ಪದಕವೇ ಬಂದಿರಲಿಲ್ಲ. ಒಂದು–ಮೂರರಿಂದ ಹಿಂದೆ ಬಿದ್ದಿದ್ದ ನಮ್ಮವರು ಐದು–ನಾಲ್ಕರಿಂದ ಗೆದ್ದರು. ಕೊನೆಯ ಕ್ಷಣದ ಪೆನಾಲ್ಟಿ ಕಾರ್ನರನ್ನು ಶ್ರೀಜೇಶ್ ತಡೆದಾಗ ಅಕ್ಕ ದೇವರ ಮನೆಗೆ ಓಡಿಹೋಗಿ ದೀಪ ಹಚ್ಚಿದಳು. ಭಾರತದ ಐದು ಗೋಲುಗಳಲ್ಲಿ ಮೊದಲನೆಯದೂ ಐದನೆಯದೂ ಲಖನೌವಿನ ಅದೇ ಸಿಮ್ರನ್‌ಜೀತನವು.

ಹುಡುಗ ಎದ್ದು ಹೋಗಿ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ತಂದ. ಅದರ ಹಿಂಬದಿಯಲ್ಲಿ 2016ರ ಹದಿನೆಂಟು ಹೆಸರುಗಳನ್ನು ಅವನು ಅಂದೇ ಬರೆದಿಟ್ಟಿದ್ದ. ಒಂದೊಂದಾಗಿ ಗುರುತು ಹಾಕಿದ. ಹರ್ಮನ್‌ಪ್ರೀತ್, ಮನ್‌ದೀಪ್, ವರುಣ್ ಕುಮಾರ್, ಸಿಮ್ರನ್‌ಜೀತ್, ಗುರ್ಜಂತ್, ಸುಮಿತ್, ಮಣಿಪುರದ ನೀಲಕಂಠ ಶರ್ಮಾ. ಏಳು ಜನ.

ಲೆಕ್ಕದ ಮನುಷ್ಯರಾದ ಭಾವನವರು ಕೂಡಲೇ ಕಳೆದು ನೋಡಿದರು. "ಉಳಿದ ಹನ್ನೊಂದು ಜನ? ಕಪ್ ಎತ್ತಿಹಿಡಿದ ಆ ನಾಯಕ ಎಲ್ಲಿ?"

ಹರ್ಜೀತ್ ಸಿಂಗ್ ಟೋಕಿಯೊ ತಂಡದಲ್ಲಿರಲಿಲ್ಲ. ಅವನ ಜೀವನವನ್ನು ಕುರಿತು 2018ರಲ್ಲಿ 'ಹರ್ಜೀತಾ' ಎಂಬ ಪಂಜಾಬಿ ಚಲನಚಿತ್ರವೇ ಬಂದಿತ್ತು. ಆದರೂ ಒಲಿಂಪಿಕ್ಸಿನ ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಶೂಟೌಟಿನಲ್ಲಿ ಎದೆಕೊಟ್ಟು ನಿಂತ ವಿಕಾಸ್ ದಹಿಯಾನೂ ಇರಲಿಲ್ಲ.

ಹುಡುಗ ಸ್ವಲ್ಪ ಹೊತ್ತು ಹಾಳೆಯನ್ನೇ ನೋಡುತ್ತಿದ್ದ. ಆಮೇಲೆ ಹೇಳಿದ: "ಇಲ್ಲ ಅಪ್ಪ. ಆದರೆ ಅವತ್ತು ವಿಕಾಸ್ ತಡೆಯದೆ ಹೋಗಿದ್ದರೆ ಸಿಮ್ರನ್‌ಜೀತನಿಗೆ ಫೈನಲ್ಲೇ ಸಿಗುತ್ತಿರಲಿಲ್ಲ. ಇನ್ನೊಂದು ವಿಷಯ ಗೊತ್ತೇ? ಟೋಕಿಯೊಗೆಂದು ಮೊದಲು ಹದಿನಾರು ಹೆಸರುಗಳನ್ನು ಪ್ರಕಟಿಸಿದಾಗ ಸಿಮ್ರನ್‌ಜೀತನ ಹೆಸರೂ ಅದರಲ್ಲಿರಲಿಲ್ಲ. ಸಾಂಕ್ರಾಮಿಕದ ಕಾರಣ ಮೀಸಲು ಆಟಗಾರರನ್ನೂ ಸೇರಿಸಿಕೊಳ್ಳಬಹುದೆಂದು ಆಮೇಲೆ ನಿಯಮ ಸಡಿಲವಾಯಿತು. ಪಟ್ಟಿಯಲ್ಲಿ ಇಲ್ಲದವನು ಇವತ್ತು ಎರಡು ಗೋಲು ಹೊಡೆದ."

ಅವನ ಧ್ವನಿ ಒಂದಿಷ್ಟು ನಡುಗಿತು. 'ಪಟ್ಟಿಯಲ್ಲಿ ಇಲ್ಲದವನು' ಎಂಬ ಮಾತನ್ನು ಆ ಮನೆಯಲ್ಲಿ ಐದು ವರ್ಷಗಳಿಂದ ಯಾರೂ ಆಡಿರಲಿಲ್ಲ.

ಭಾವನವರು ಕನ್ನಡಕ ತೆಗೆದು ಒರೆಸಿಕೊಂಡರು. "ಆವತ್ತು ನಾನು ಲೆಕ್ಕ ತಪ್ಪಿದೆನಪ್ಪ" ಎಂದರು. "ಹದಿನೆಂಟು ಜನ ಆಡಬೇಕಾದರೆ ಹದಿನೆಂಟು ಸಾವಿರ ಹುಡುಗರು ಬೆಳಿಗ್ಗೆ ಎದ್ದು ಮೈದಾನಕ್ಕೆ ಹೋಗಿರಬೇಕು. ಅವರನ್ನೆಲ್ಲ ಸೋತವರೆಂದು ಕಳೆದುಬಿಟ್ಟರೆ, ಆ ಹದಿನೆಂಟು ಜನ ಯಾರ ಜೊತೆ ಆಡಿ ಕಲಿತರು?"

ತಂದೆಯಾದವನು ಮಗನ ಮುಂದೆ ತನ್ನ ಲೆಕ್ಕ ತಪ್ಪಿತೆಂದು ಒಪ್ಪಿಕೊಳ್ಳುವುದನ್ನು ನಾನು ಅಷ್ಟಾಗಿ ಕಂಡವನಲ್ಲ. ಒಲಿಂಪಿಕ್ ಪದಕಕ್ಕಿಂತ ಅಪರೂಪದ್ದೆಂದು ಅಂದು ನನಗೆ ಅನ್ನಿಸಿತು.

ಸಾಂಕ್ರಾಮಿಕದ ಕಟ್ಟುಪಾಡುಗಳು ಸಡಿಲವಾದ ಮೇಲೆ ಹುಡುಗ ಬೆಳಿಗ್ಗೆ ಆರಕ್ಕೆ ಬಡಾವಣೆಯ ಮೈದಾನಕ್ಕೆ ಹೋಗತೊಡಗಿದ. ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ಚೆಂಡು ನಿಲ್ಲಿಸುವುದನ್ನು, ಕೋಲು ತಿರುಗಿಸುವುದನ್ನು ಕಲಿಸಿ, ಸ್ನಾನ ಮಾಡಿ ಬ್ಯಾಂಕಿಗೆ ಹೊರಡುತ್ತಾನೆ. ಹಣ ತೆಗೆದುಕೊಳ್ಳುವುದಿಲ್ಲ. ನಿವೃತ್ತರಾದ ಭಾವನವರು ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಮಕ್ಕಳ ಹಾಜರಿ ಹಾಕುತ್ತಾರೆ. ಹುಟ್ಟಿದ ದಿನಾಂಕವನ್ನೂ ಬರೆದುಕೊಳ್ಳುತ್ತಾರೆ. ಯಾರಿಗೆ ಯಾವ ವರ್ಷ ಇಪ್ಪತ್ತೊಂದು ತುಂಬುತ್ತದೆಂಬ ಲೆಕ್ಕ ಅವರ ನಾಲಗೆಯ ತುದಿಯಲ್ಲಿದೆ.

2025ರ ಡಿಸೆಂಬರ್ 10ರಂದು ಆ ಮಕ್ಕಳೆಲ್ಲ ಅಕ್ಕನ ನಡುಮನೆಯಲ್ಲಿ ತುಂಬಿದ್ದರು. ಅಂದು ಚೆನ್ನೈನಲ್ಲಿ ಕಿರಿಯರ ವಿಶ್ವಕಪ್ಪಿನ ಕಂಚಿನ ಪದಕದ ಪಂದ್ಯ. ಇಪ್ಪತ್ತನಾಲ್ಕು ತಂಡಗಳು ಆಡಿದ ಪಂದ್ಯಾವಳಿ ಅದು. ಸೆಮಿಫೈನಲ್ಲಿನಲ್ಲಿ ಜರ್ಮನಿಗೆ ಐದು–ಒಂದರಿಂದ ಸೋತಿದ್ದ ಭಾರತ ಅರ್ಜೆಂಟೀನಾದ ಎದುರು ನಿಂತಿತ್ತು. ಟೋಕಿಯೊದ ಶ್ರೀಜೇಶ್ ಆಗ ಈ ಹುಡುಗರಿಗೆ ಗುರುವಾಗಿದ್ದರು. ಮುಕ್ಕಾಲು ಪಂದ್ಯ ಮುಗಿದಾಗ ಭಾರತ ಎರಡು ಗೋಲು ಹಿಂದೆ. ಮಕ್ಕಳ ಮುಖ ಬಾಡಿತು. ಒಬ್ಬ ಚಿಕ್ಕವನು ಅತ್ತೇಬಿಟ್ಟ. ಅನಂತರದ ಹದಿನೈದು ನಿಮಿಷಗಳಲ್ಲಿ ನಮ್ಮವರು ನಾಲ್ಕು ಗೋಲು ಹೊಡೆದು ನಾಲ್ಕು–ಎರಡರಿಂದ ಗೆದ್ದರು. ಅತ್ತವನೇ ಎಲ್ಲರಿಗಿಂತ ಎತ್ತರಕ್ಕೆ ಹಾರಿದ್ದರಿಂದ ಅಕ್ಕನ ಗಾಜಿನ ಲೋಟವೊಂದು ಒಡೆಯಿತು. ಆಕೆ ಬೈಯಲಿಲ್ಲ.

ಓದುಗ ಬಂಧುಗಳೇ, ನಿಮ್ಮಲ್ಲಿ ಕೆಲವರ ಮನೆಯ ಅಟ್ಟದ ಮೇಲೂ ಹೀಗೆ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ವಸ್ತುವಿರಬಹುದು. ಹಾಕಿ ಕೋಲೇ ಆಗಬೇಕೆಂದಿಲ್ಲ. ಪಿಟೀಲಿರಬಹುದು, ಬಣ್ಣದ ಪೆಟ್ಟಿಗೆಯಿರಬಹುದು. ಪಟ್ಟಿಯಲ್ಲಿ ಹೆಸರು ಬಾರದ ಮಗನೋ ಮಗಳೋ ಅದನ್ನು ಅಲ್ಲಿಟ್ಟಿರಬಹುದು. ಪರೀಕ್ಷೆ ಬೇಡವೆಂದು ನಾನು ಹೇಳುವುದಿಲ್ಲ. ಸಂಬಳ ಬೇಡವೆಂದಂತೂ ಹೇಳುವುದೇ ಇಲ್ಲ. ಹಬ್ಬದ ಮುನ್ನ ಅಟ್ಟ ಗುಡಿಸುವಾಗ ಅದೇನಾದರೂ ಕೈಗೆ ಸಿಕ್ಕರೆ ಹಿಂದಕ್ಕೆ ತಳ್ಳದೆ, ಕೆಳಗಿಳಿಸಿ ಧೂಳು ಒರೆಸಿ, ಅವರ ಕಣ್ಣಿಗೆ ಬೀಳುವಂತೆ ಎಲ್ಲಿಯಾದರೂ ಇಡಿ. ಮಾತೇನೂ ಆಡಬೇಕಾಗಿಲ್ಲ. ಭಾವನವರೂ ಆಡಲಿಲ್ಲ.

ಮೊನ್ನೆ ಮೈಸೂರಿಗೆ ಹೋಗಿದ್ದಾಗ ಅಕ್ಕ ಅದೇ ಸ್ಟೂಲು ಹತ್ತಿ ಅಟ್ಟದ ಸಾಮಾನು ಇಳಿಸುತ್ತಿದ್ದಳು. "ಮೇಲೆ ಇನ್ನೇನಿದೆಯೇ?" ಎಂದು ಕೇಳಿದೆ.

"ಏನಿಲ್ಲವೋ, ಬರೀ ಕೊಳಗಗಳು" ಎಂದಳು. ಕೋಲು ಬಾಗಿಲ ಹಿಂದೆ ನಿಂತಿತ್ತು. ಅದರ ತುದಿಗೆ ಅಂದಿನ ಬೆಳಗಿನ ಕೆಂಪುಮಣ್ಣು ಇನ್ನೂ ಹಸಿಯಾಗಿಯೇ ಅಂಟಿಕೊಂಡಿತ್ತು.